ಕತ್ತು ನಿಮಿರುವ ಮುನ್ನ

ಕ್ಯಾಮೆರಾ ಎತ್ತುವ ಮೊದಲು ಹಕ್ಕಿಯ ಕತ್ತು ನೋಡಬೇಕು. ನೆಮ್ಮದಿಯಾಗಿರುವ ಪಟ್ಟೆತಲೆ ಹೆಬ್ಬಾತು ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ ಒಂಟಿಕಾಲಲ್ಲಿ ತೂಕಡಿಸುತ್ತಿರುತ್ತದೆ. ನಾವು ಹತ್ತು ಹೆಜ್ಜೆ ಹೆಚ್ಚು ಮುಂದೆ ಹೋದೆವೋ, ಹಿಂಡಿನಲ್ಲಿ ಒಂದು ಕತ್ತು ಕೋಲಿನಂತೆ ನಿಮಿರುತ್ತದೆ. ಆಮೇಲೆ ನಾಲ್ಕು, ಆಮೇಲೆ ನಲವತ್ತು. ಅದರ ಹಿಂದೆಯೇ ರೆಕ್ಕೆಗಳ ಸದ್ದು.

ಊರು ಮಾಗಡಿ. ಕೆಂಪೇಗೌಡರ ಮಾಗಡಿಯಲ್ಲ; ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನದು. ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲೆಂದು ಕಟ್ಟಿದ ಇಲ್ಲಿನ ಕೆರೆಯ ವಿಸ್ತೀರ್ಣ ಸುಮಾರು 50 ಹೆಕ್ಟೇರ್, ಅಂದರೆ 124 ಎಕರೆ. 2024ರಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಇದೂ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು.

ಮಂಗೋಲಿಯಾ, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಈ ಹೆಬ್ಬಾತಿಗೆ ಮೀನು ಬೇಡ. ಹುಲ್ಲು, ಕಾಳು, ಹೊಲದಲ್ಲಿ ಉದುರಿದ ಶೇಂಗಾ ಸಾಕು. ಸುತ್ತ ಮೇಯಲು ಹೊಲ, ನಡುವೆ ನಾಯಿ-ನರಿಗೆ ಎಟುಕದ ತೆಳುನೀರು. ಚಳಿಗಾಲಕ್ಕೆ ಇನ್ನೇನು ಬೇಕು?

ಇಲ್ಲಿಗೆ ಬರುವ ದಾರಿಯಲ್ಲಿ ಹಿಮಾಲಯವಿದೆ. ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಬಿಟ್ಟ ಹಕ್ಕಿಯೊಂದು 7,290 ಮೀಟರ್ ಎತ್ತರ ಮುಟ್ಟಿದ ದಾಖಲೆಯಿದೆ. ಅಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. ಹದ್ದಿನ ಹಾಗೆ ಗಾಳಿಯಲ್ಲಿ ತೇಲುವುದೂ ಇದಕ್ಕೆ ಒಗ್ಗದು, ರೆಕ್ಕೆ ಬಡಿಯುತ್ತಲೇ ಇರಬೇಕು. ಕೈಹಿಡಿಯುವುದು ರಕ್ತ. ಹಿಮೋಗ್ಲೋಬಿನ್‌ನ ಆಲ್ಫಾ ಸರಪಳಿಯ 119ನೇ ಸ್ಥಾನದಲ್ಲಿ ಹತ್ತಿರದ ನಂಟಿನ ಹೆಬ್ಬಾತುಗಳಿಗೆ ಪ್ರೋಲೀನ್ ಎಂಬ ಅಮೈನೊ ಆಮ್ಲವಿದ್ದರೆ ಇದಕ್ಕೆ ಅಲನಿನ್. ಈ ಒಂದು ಮಣಿ ಬದಲಾದದ್ದು ರಕ್ತ ಆಮ್ಲಜನಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಲು ನೆರವಾಗುತ್ತದೆ.

ಆದರೂ ಎತ್ತರದ ಹಾರಾಟ ದುಬಾರಿ. ಮೇಲೇರಿದಷ್ಟೂ ಎದೆಬಡಿತ ಏರುತ್ತದೆ. ಹಾಗಾಗಿ ಈ ಹಕ್ಕಿಗಳು ಒಂದೇ ಎತ್ತರ ಕಾಯ್ದುಕೊಳ್ಳದೆ, ಬೆಟ್ಟ ಏರಿದಲ್ಲಿ ಏರಿ, ಕಣಿವೆ ಇಳಿದಲ್ಲಿ ಇಳಿದು ಸಾಗುತ್ತವೆ. ಇಷ್ಟು ಜುಗ್ಗತನದಿಂದ ಕಸುವು ಉಳಿಸುವ ಹಕ್ಕಿಯನ್ನು ಒಂದು ಹಾರುವ ಚಿತ್ರಕ್ಕಾಗಿ ಎಬ್ಬಿಸುವುದೆಂದರೆ, ಮರುಪಯಣಕ್ಕೆ ಕೂಡಿಟ್ಟ ಗಂಟಿಗೇ ಕೈ ಹಾಕಿದಂತೆ.

ಮಾಗಡಿ ಕೆರೆಯ ಏರಿಯ ಮೇಲೆ ನಿಂತರೆ ನಮ್ಮ ಆಕಾರ ಆಕಾಶಕ್ಕೆ ಎದ್ದು ಕಾಣುತ್ತದೆ. ಇಳಿಜಾರಿನಲ್ಲಿ ಕೂತು, ಸೂರ್ಯನನ್ನು ಬೆನ್ನಿಗಿಟ್ಟು, ಉದ್ದನೆಯ ಲೆನ್ಸನ್ನು ಮೊಣಕಾಲಿಗೆ ಆನಿಸಿ ಕಾಯುವುದು ಮೇಲು. ಮಸುಕಿನ ನಸುಕಿನಲ್ಲಿ ಮೇಯಲು ಹೋದವು ಮರಳಿ ತಾವಾಗಿಯೇ ಸಾಲುಸಾಲಾಗಿ ಇಳಿಯುತ್ತವೆ, ಹಾರುವ ಚಿತ್ರವೂ ಸಿಗುತ್ತದೆ.

ಮನೆಗೆ ಬಂದು ಹಿಗ್ಗಿಸಿ ನೋಡಿ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಅರ್ಧ ಮುಚ್ಚಿದ ಕಣ್ಣು. ಹಳದಿ ಕೊಕ್ಕಿನ ತುದಿಯ ಕಪ್ಪು ಹುಟ್ಟಿನದು. ಅದರ ಮೇಲೆ ಮೆತ್ತಿಕೊಂಡದ್ದು ಶೇಂಗಾ ಹೊಲದ ಮಣ್ಣು.