ಜಾಹೀರಾತಿನಲ್ಲಿ ಉಳಿದ ಹೆಸರುಗಳು

ಬುಲೋವಾ ಕಂಪನಿಯ ಹಳೆಯ ಹೆಂಗಸರ ಕೈಗಡಿಯಾರದ ಡಯಲಿನ ಮೇಲೆ ಸಾಮಾನ್ಯವಾಗಿ ಕಾಣಸಿಗುವುದು ಕಂಪನಿಯ ಹೆಸರೊಂದೇ. ಅದನ್ನು ಕೊಳ್ಳಬಂದವರು ಅಂಗಡಿಯಲ್ಲಿ ಯಾವ ಹೆಸರಿನಿಂದ ಕೇಳಿದರೋ ಆ ಹೆಸರು ಅದರ ಮೈಮೇಲೆಲ್ಲಿಯೂ ಇರುವುದಿಲ್ಲ. ‘ಮಿಸ್ ಅಮೆರಿಕಾ’, ‘ಗಾಡೆಸ್ ಆಫ್ ಟೈಮ್’ ಎಂಬ ನಾಮಧೇಯಗಳು ಉಳಿದುಬಂದಿರುವುದು ಬಹುಮಟ್ಟಿಗೆ ಹಳೆಯ ಪತ್ರಿಕೆಗಳ ಜಾಹೀರಾತುಗಳಲ್ಲಿ. ಅವನ್ನು ಅರಸಿ ಗಡಿಯಾರಕ್ಕೆ ಅದರ ಹೆಸರನ್ನು ಮರಳಿಸುವ ಕಾರ್ಯ ಅಮೆರಿಕದ ಸಂಗ್ರಾಹಕರ ಕೈಯಲ್ಲಿ ಒಂದು ವಿದ್ಯೆಯಾಗಿಯೇ ಬೆಳೆದಿದೆ.

ಬೊಹೀಮಿಯಾದಿಂದ ವಲಸೆ ಬಂದ ಜೋಸೆಫ್ ಬುಲೋವಾ ನ್ಯೂಯಾರ್ಕಿನ ಮೇಡನ್ ಲೇನಿನಲ್ಲಿ ಆಭರಣದಂಗಡಿ ತೆರೆದದ್ದು 1875ರಲ್ಲಿ. ಹೆಂಗಸರ ಕೈಗಡಿಯಾರಗಳ ಪೂರ್ಣ ಶ್ರೇಣಿ 1924ರಲ್ಲಿ ಬಂದಿತು. 1926ರಲ್ಲಿ ರೇಡಿಯೋದಲ್ಲಿಯೂ, 1941ರ ಜುಲೈ 1ರಂದು ದೂರದರ್ಶನದಲ್ಲಿಯೂ ಕಂಪನಿ ಜಾಹೀರಾತು ನೀಡಿತು. ಪ್ರಚಾರವನ್ನು ಇಷ್ಟು ನಂಬಿದ ಸಂಸ್ಥೆ ತನ್ನ ಗಡಿಯಾರಗಳಿಗೆ ಹೆಸರಿಟ್ಟದ್ದು ಓದುಗರ ನಾಲಗೆಯ ಮೇಲೆ ನಿಲ್ಲಲೆಂದೇ ಇರಬೇಕು.

ಶೋಧನೆ ಆರಂಭವಾಗುವುದು ಕಾಲನಿರ್ಣಯದಿಂದ. 1950ರಿಂದೀಚಿನ ಗಡಿಯಾರವಾದರೆ ಒಂದು ಅಕ್ಷರವೂ ಒಂದು ಅಂಕಿಯೂ ಸಾಕು: ಎಲ್ 3 ಎಂದರೆ 1953, ಎಮ್ 5 ಎಂದರೆ 1965. ಅದಕ್ಕೂ ಹಿಂದಿನವುಗಳ ಯಂತ್ರದ ಮೇಲೆ ತ್ರಿಕೋಣ, ನಕ್ಷತ್ರ, ಬಾಣ ಮೊದಲಾದ ಚಿಹ್ನೆಗಳಿರುತ್ತವೆ. ರಿಪೇರಿಯವರು ಕೆಟ್ಟ ಯಂತ್ರವನ್ನು ತೆಗೆದು ಬೇರೊಂದನ್ನು ಕೂರಿಸಿರುವುದೂ ಉಂಟಾದ್ದರಿಂದ, ಕೇಸಿನ ಸಾಕ್ಷ್ಯವೂ ಯಂತ್ರದ ಸಾಕ್ಷ್ಯವೂ ಒಂದನ್ನೊಂದು ಸಮರ್ಥಿಸಬೇಕು.

ನಿಜವಾದ ಕ್ಲೇಶವಿರುವುದು ಆಮೇಲೆ. ‘ಮಿಸ್ ಅಮೆರಿಕಾ’ ಎಂಬುದನ್ನೇ ನೋಡಿ: ಜನಪ್ರಿಯವಾದ ಆ ಹೆಸರನ್ನು ಕಂಪನಿ ಬಿಡಲೊಲ್ಲದೆ, ವರ್ಷಗಳುರುಳಿದಂತೆ ಆಕಾರವನ್ನು ಬದಲಿಸಿಯೂ ಹೆಸರನ್ನು ಉಳಿಸಿಕೊಂಡಿತಾಗಿ, ಯಾವ ವರ್ಷದ ‘ಮಿಸ್ ಅಮೆರಿಕಾ’ ಎಂದು ಹೇಳದ ಹೊರತು ಗುರುತು ಪೂರ್ಣವಾಗದು. ಜಾಹೀರಾತಿನಲ್ಲಿರುವುದೋ ಅನೇಕ ಸಲ ಛಾಯಾಚಿತ್ರವಲ್ಲ, ಕಲಾವಿದನ ಕುಂಚದ ಚಿತ್ರ. ಬೆರಳುಗುರಿನಷ್ಟಗಲದ ವಸ್ತುವನ್ನು ಅವನು ಹಿಗ್ಗಿಸಿ, ಬೆಳಕನ್ನು ತನಗೆ ಬೇಕಾದೆಡೆ ಬೀಳಿಸಿ, ಅಂಚುಗಳನ್ನು ತಿದ್ದಿ ಬರೆದಿರುವುದರಿಂದ, ನೋಡುವವರು ಒಟ್ಟು ರೂಪಕ್ಕೆ ಮರುಳಾಗದೆ, ಪಟ್ಟಿ ಸೇರುವ ಕಿವಿಗಳ ಬಾಗು, ಕೇಸಿನ ಅಂಚಿನ ಕೆತ್ತನೆ, ಪಟ್ಟಿ ರೇಷ್ಮೆಯ ಹುರಿಯೋ ಲೋಹದ ಸರಪಣಿಯೋ ಎಂಬುದು, ಯಂತ್ರದೊಳಗಿನ ಜ್ಯುವೆಲುಗಳ ಸಂಖ್ಯೆ, ಇವೆಲ್ಲವನ್ನೂ ಒಂದೊಂದಾಗಿ ತಾಳೆನೋಡಬೇಕು. ಡಯಲನ್ನು ಮಾತ್ರ ಸುಲಭವಾಗಿ ನಂಬಲಾಗದು, ಅದಕ್ಕೆ ಮರಳಿ ಬಣ್ಣ ಹಾಕಿಸಿರುವುದು ಬಹಳ. ಈ ತಾಳ್ಮೆಯನ್ನು ನಾನು ಗೌರವದಿಂದ ಕಾಣುತ್ತೇನೆ.

ಗಂಡಸರ ಗಡಿಯಾರಗಳಿಗೆ ದೊರೆತಷ್ಟು ಆದರ ಇವಕ್ಕೆ ದೊರೆಯಲಿಲ್ಲ. ಚಿನ್ನದ ಬೆಲೆಯೇರಿದಾಗಲೆಲ್ಲ ಎಷ್ಟೋ ಚಿನ್ನದ ಕೇಸುಗಳು ಕುಲುಮೆಯ ಪಾಲಾದವು. ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆಗೆ ತೊಡಗಿದ ನಮ್ಮ ಎಚ್‌ಎಂಟಿಯಲ್ಲಾದರೋ ‘ಸುಜಾತ’ದಂತಹ ಹೆಸರು ಡಯಲಿನ ಮೇಲೆಯೇ ಇದ್ದು ಹೆಸರನ್ನು ಅರಸುವ ತೊಡಕನ್ನು ಎಷ್ಟೋ ತಪ್ಪಿಸಿತು.

ಬುಲೋವಾಗಳಿಗೆ ಆ ಭಾಗ್ಯವಿಲ್ಲ. ಅವಕ್ಕೆ ಕಾಗದವೇ ಗತಿ. ಅನೇಕ ಗ್ರಂಥಾಲಯಗಳಲ್ಲಿ ಪತ್ರಿಕೆಗಳನ್ನು ರಟ್ಟುಕಟ್ಟಿಸುವಾಗ ಲೇಖನಗಳನ್ನು ಉಳಿಸಿಕೊಂಡು ಕಿತ್ತೆಸೆದದ್ದು ಜಾಹೀರಾತಿನ ಹಾಳೆಗಳನ್ನೇ.