ಅನ್ಯಲೋಕದವಳೂ ಮೇಲಧಿಕಾರಿಯೂ

ಬೆಂಗಳೂರಿಗೂ ರಾಮನಗರಕ್ಕೂ ನಡುವಣ ಬ್ಯಾಲಾಳು ಗ್ರಾಮದಲ್ಲಿ ೩೨ ಮೀಟರು ಅಗಲದ ಬೃಹತ್ ಬೋಗುಣಿಯೊಂದು ೨೦೦೮ರಿಂದ ಆಕಾಶಕ್ಕೆ ಮುಖಮಾಡಿ ನಿಂತಿದೆ. ಚಂದ್ರಯಾನ, ಮಂಗಳಯಾನಗಳ ಕ್ಷೀಣ ದನಿಯನ್ನು ಆಲಿಸಿದ ಕಿವಿ ಅದು. ನಾವೇ ಕಳುಹಿಸಿದ ದೂತರ ಮಾತಲ್ಲದೆ ಅನ್ಯಲೋಕದವರ ಮಾತು ಭೂಮಿಯ ಯಾವ ಕಿವಿಗೂ ಇನ್ನೂ ಬಿದ್ದಿಲ್ಲ. ಆದರೆ ಕಥೆಗಾರರು ಕಾದು ಕೂರುವ ಜನರಲ್ಲ. ಅವರು ಅನ್ಯಗ್ರಹದವರನ್ನು ಕರೆತಂದು, ಮನುಷ್ಯರ ಆಕಾಶನೌಕೆಗಳಲ್ಲಿ ಕೆಲಸವನ್ನೂ ಕೊಡಿಸಿ, ಕಡೆಗೆ ಪ್ರೇಮವನ್ನೂ ಕೂಡಿಸಿಬಿಟ್ಟಿದ್ದಾರೆ. ನೌಕೆಯ ಅಧಿಕಾರಿ ಮನುಷ್ಯ. ಅವನ ದಳಕ್ಕೆ ಹೊಸದಾಗಿ ಭರ್ತಿಯಾದವಳು ಬೇರೊಂದು ನಕ್ಷತ್ರದವಳು. ಮೊದಲು ಸಂದೇಹ, ಬಳಿಕ ಮೆಚ್ಚಿಕೆ, ನಡುವೆ ಒಂದು ಗಂಡಾಂತರ, ಆಮೇಲೆ ಅನುರಾಗ.

ಇಂಥ ಕಥೆಗಳನ್ನು ಬರೆಯುವವರು ಸಾಮಾನ್ಯವಾಗಿ ದೇಹದ ಭೇದವನ್ನೇ ದೊಡ್ಡದು ಮಾಡುತ್ತಾರೆ. ಅವಳ ನೆತ್ತರು ಯಾವ ಬಣ್ಣ, ಅವಳು ಉಸಿರಾಡುವ ಗಾಳಿ ಯಾವುದು ಎಂಬುದರಲ್ಲೇ ಪುಟಗಳು ಕಳೆದುಹೋಗುತ್ತವೆ. ನನಗೆ ಅದು ಅಷ್ಟು ಕಠಿಣವಾದ ತೊಡಕೆಂದು ತೋರುವುದಿಲ್ಲ. ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ದೂರದರ್ಶನ ಮಾಲೆ ೧೯೬೭ರಷ್ಟು ಹಿಂದೆಯೇ ವಲ್ಕನ್ ಗ್ರಹದ ತಂದೆಯನ್ನೂ ಭೂಮಿಯ ತಾಯಿಯನ್ನೂ ದಂಪತಿಗಳಾಗಿ ತೋರಿಸಿತು. ನಮ್ಮವರಿಗಂತೂ ಇದು ವೇದಕಾಲದಷ್ಟು ಹಳೆಯ ಸಂಗತಿ. ಊರ್ವಶಿ ಪುರೂರವರ ಸಂವಾದ ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಇದೆ.

ಆ ಊರ್ವಶಿಯ ರೀತಿಯನ್ನು ವಾಚಕರು ಗಮನಿಸಬೇಕು. ಪುರೂರವ ದೊರೆಯಾದರೇನು, ಷರತ್ತುಗಳನ್ನು ಹಾಕಿದವಳು ಅವಳು. ತಾನು ಸಾಕಿದ ಕುರಿಮರಿಗಳನ್ನು ಗಂಧರ್ವರು ಕದ್ದ ಇರುಳು ಮಿಂಚು ಬೆಳಗಿ, ವಿವಸ್ತ್ರನಾದ ಅರಸನನ್ನು ಕಂಡು, ಮಾತು ಮುರಿಯಿತೆಂದು ಅವಳು ಹೊರಟೇಹೋದಳು. ಶಂತನುವಿನ ಗಂಗೆಯೂ ಹಾಗೆಯೇ. ಹೋಗಬಲ್ಲವಳು ಉಳಿದಿರುವಷ್ಟು ದಿನ, ಅವಳು ಒಲಿದೇ ಉಳಿದಿದ್ದಾಳೆಂದು ಅರಸನಿಗೆ ನಿಸ್ಸಂಶಯವಾಗಿ ತಿಳಿದಿತ್ತು.

ದಳಕ್ಕೆ ಸೇರಿದವಳಿಗೆ ಈ ಸ್ವಾತಂತ್ರ್ಯವೆಲ್ಲಿ? ಅವಳು ಪ್ರತಿಜ್ಞೆ ಮಾಡಿ ಸೇರಿದ್ದಾಳೆ. ತವರು ನಕ್ಷತ್ರ ವರ್ಷಗಳ ಪಯಣದಾಚೆ ಇದೆ. ಅವಳ ರಜೆಯ ಚೀಟಿಗೆ, ಬಡ್ತಿಯ ವರದಿಗೆ, ಕಡೆಗೆ ಅವಳು ಯಾವ ಅಪಾಯದ ಪಹರೆಗೆ ಹೋಗಬೇಕೆಂಬ ಆಜ್ಞೆಗೆ ರುಜು ಹಾಕುವವನು ಅವನೇ. ಅಂಥವನು ಒಂದು ಸಂಜೆ ದನಿ ತಗ್ಗಿಸಿ ತನ್ನ ಮನಸ್ಸನ್ನು ತಿಳಿಸಿದನೆನ್ನೋಣ. ಅದು ಬಿನ್ನಹವೋ, ಆಜ್ಞೆಯೋ? ಅವಳು ‘ಆಗಲಿ’ ಎಂದರೆ ಅದು ಒಲವೋ, ವಿಧೇಯತೆಯೋ? ಅವಳಿಗೇ ತಿಳಿಯದಿರಬಹುದು, ಅವನಿಗಂತೂ ತಿಳಿಯುವ ದಾರಿಯೇ ಇಲ್ಲ. ಆದರೂ ಬಹುಮಟ್ಟಿನ ಲೇಖಕರು ನೆತ್ತರಿನ ಬಣ್ಣವನ್ನು ದಾಟಿದೊಡನೆ ಮಂಗಳ ಹಾಡಿಬಿಡುತ್ತಾರೆ.

ಅಂತಸ್ತಿನ ಈ ಗೋಡೆಯನ್ನು ಕಾಣಲು ನಕ್ಷತ್ರಗಳವರೆಗೆ ಹೋಗಬೇಕಾಗಿಲ್ಲ. ರಾಮನಗರದ ಬಂಡೆಗಳ ನಡುವೆ ಚಿತ್ರಿತವಾಗಿ ೧೯೭೫ರಲ್ಲಿ ತೆರೆಕಂಡ ‘ಶೋಲೆ’ಯಲ್ಲಿ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬ ಇಬ್ಬರು ಕಳ್ಳರನ್ನು ಕೂಲಿಗೆ ಕರೆತರುತ್ತಾನೆ. ಅವರಲ್ಲಿ ಒಬ್ಬನಿಗೂ ಅಧಿಕಾರಿಯ ವಿಧವೆ ಸೊಸೆಗೂ ನಡುವೆ ಮಾತಿಲ್ಲದೊಂದು ಒಲವು ಮೊಳೆಯುತ್ತದೆ. ಕತೆ ಅವನನ್ನು ಸಾಯಿಸಿ ಪಾರಾಗುತ್ತದೆ. ಒಂಬತ್ತು ವರ್ಷಗಳ ಬಳಿಕ, ೧೯೮೪ರಲ್ಲಿ, ಇ. ಎಂ. ಫಾರ್‌ಸ್ಟರರ ಕಾದಂಬರಿಯನ್ನು ಡೇವಿಡ್ ಲೀನ್ ತೆರೆಗೆ ತಂದರು. ಅದರ ದೃಶ್ಯಗಳಿಗೂ ಮಾಗಡಿಯ ಸಾವನದುರ್ಗ ಮತ್ತು ರಾಮನಗರದ ಬೆಟ್ಟಗಳೇ ನೆಲೆಯಾದವು. ಆಳುವವರ ಮನೆಗೆ ಸೊಸೆಯಾಗಲು ಬಂದ ಅಡೆಲಾ, ಸರಕಾರಿ ಆಸ್ಪತ್ರೆಯ ವೈದ್ಯ ಅಜೀಜ್, ಆಂಗ್ಲ ಅಧ್ಯಾಪಕ ಫೀಲ್ಡಿಂಗ್ – ಇವರಲ್ಲಿ ದ್ವೇಷಿಗಳು ಯಾರೂ ಅಲ್ಲ. ಆದರೂ ಗುಹೆಯ ಕತ್ತಲಲ್ಲಿ ಹುಟ್ಟಿದ ಒಂದು ಸಂಶಯ ನ್ಯಾಯಾಲಯದವರೆಗೆ ಬೆಳೆಯುತ್ತದೆ. ಅಡೆಲಾ ಆರೋಪವನ್ನು ಹಿಂತೆಗೆದುಕೊಂಡ ಮೇಲೂ ಮುರಿದುದು ಕೂಡುವುದಿಲ್ಲ. ಆಳುವವನೂ ಆಳಿಸಿಕೊಳ್ಳುವವನೂ ಅದೇ ಸ್ಥಾನಗಳಲ್ಲಿ ಇದ್ದುಕೊಂಡು ಸ್ನೇಹಿತರಾಗಬಲ್ಲರೇ ಎಂಬುದೇ ಆ ಕೃತಿಯ ಪ್ರಶ್ನೆ. ಅದರಲ್ಲಿ ಪ್ರತಿಯೊಬ್ಬರೂ ಭೂಮಿಯವರೇ ಎಂಬುದನ್ನು ಮರೆಯಲಾಗದು.

ರಾಮನಗರವೂ ಒಬ್ಬ ಅಧಿಕಾರಿಯ ಹೆಸರನ್ನು ಬಹುಕಾಲ ಹೊತ್ತಿದ್ದ ಊರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನಿಂದ ಅದು ಕ್ಲೋಸ್‌ಪೇಟೆ ಎನಿಸಿಕೊಂಡಿತ್ತು. ಊರು ಆ ಹೆಸರನ್ನು ಕಳಚಿಹಾಕಿತು. ಆದರೆ ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯದಾದ ಆ ಬಂಡೆಯನ್ನು ಭೂವಿಜ್ಞಾನಿಗಳು ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಕರೆಯುತ್ತಾರೆ. ಪಾಪ, ಬಂಡೆಯನ್ನು ಕೇಳಿದವರಾರು!

ಅದಿರಲಿ. ಕನ್ನಡದಲ್ಲಿ ಇಂಥ ಕಥೆಯೊಂದನ್ನು ಯಾರಾದರೂ ಬರೆದರೆ ಓದಲು ನನಗೆ ಆಸೆ. ಚನ್ನಪಟ್ಟಣದ ಹುಡುಗಿ ಅಧಿಕಾರಿಯಾಗಿರಲಿ. ಮಾಗಡಿಯ ಬೆಟ್ಟದ ಮೇಲಣ ಅವಳ ಠಾಣೆಗೆ ಹೊಸದಾಗಿ ಭರ್ತಿಯಾದವನು ಬೇರೊಂದು ಸೂರ್ಯನ ಕೆಳಗೆ ಹುಟ್ಟಿದವನಾಗಿರಲಿ. ಮನಸ್ಸು ಹರಿದುದನ್ನು ಅರಿತ ದಿನ ಅವಳು ಅವನಿಗೆ ಏನೂ ಹೇಳದೆ, ಮೊದಲು ಅವನನ್ನು ತನ್ನ ಕೈಕೆಳಗಿನಿಂದ ಬಿಡಿಸಿ ಕನಕಪುರದ ಠಾಣೆಗೆ ವರ್ಗ ಮಾಡಿಸಲಿ. ಅಲ್ಲಿ ಅವನ ರಜೆಗೆ ರುಜು ಹಾಕುವವರು ಬೇರೆಯವರು. ಆಮೇಲೆ ಬಿಳಿಯ ಹಾಳೆಯಲ್ಲಿ, ಮೊಹರಿಲ್ಲದೆ, ಹುದ್ದೆಯ ಹೆಸರಿಲ್ಲದೆ ಒಂದು ಕಾಗದ ಬರೆಯಲಿ. ಭಾನುವಾರದ ಬಸ್ಸಿಗೆ ಅವನು ಬರಬಹುದು, ಬರದೆಯೂ ಇರಬಹುದು.