ದಾದಿಯ ಆಗ್‌ಬೋಟ್ ಇನ್ನೂ ಓಡುತ್ತಿದೆ

ನಮ್ಮ ದಾದಿ ಹಡಗು ಎನ್ನುವುದಿಲ್ಲ, ‘ಆಗ್‌ಬೋಟ್’ ಎನ್ನುತ್ತಾರೆ. ಆಗ್ ಅಂದರೆ ಬೆಂಕಿ. ಮುಂಬೈಯಿಂದ ಜಿದ್ದಾಕ್ಕೆ ಹಜ್ ಹಡಗು 1995ರವರೆಗೂ ಹೋಗುತ್ತಿತ್ತು, ಆದರೆ ಕೊನೆಗಾಲದಲ್ಲಿ ಅದು ಡೀಸೆಲ್ ಹಡಗು. ಕಲ್ಲಿದ್ದಲು ಉರಿಸುವ ನಿಜವಾದ ಆಗ್‌ಬೋಟ್ ಈಗ ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಬೆರಳೆಣಿಕೆಯಷ್ಟು ಇವೆ.

ಅದು ಓಡುವ ರೀತಿ ಸರಳ. ಕಲ್ಲಿದ್ದಲು ಉರಿದಾಗ ಬಾಯ್ಲರಿನ ನೀರು ಉಗಿಯಾಗುತ್ತದೆ, ಉಗಿ ಪಿಸ್ಟನ್ ತಳ್ಳುತ್ತದೆ, ಪಿಸ್ಟನ್ ಪ್ರೊಪೆಲರ್ ತಿರುಗಿಸುತ್ತದೆ. ಉಗಿ ನಮ್ಮ ಊರಿಗೂ ಹೊಸದಲ್ಲ. ಬಾಗಲಗುಂಟೆಯಿಂದ ಹೆಸರಘಟ್ಟ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಸೋಲದೇವನಹಳ್ಳಿಯಲ್ಲಿ, 1894ರ ಯೋಜನೆಯಂತೆ, ಹೆಸರಘಟ್ಟ ಕೆರೆಯ ನೀರನ್ನು ಬೆಂಗಳೂರಿನ ಕಡೆ ತಳ್ಳುತ್ತಿದ್ದದ್ದು ಉಗಿ ಪಂಪುಗಳೇ.

ನನಗೆ ಹೆಚ್ಚು ಹಿಡಿಸಿದ್ದು ನ್ಯೂಜಿಲೆಂಡಿನ ‘ಅರ್ನ್‌ಸ್ಲಾ’. ಡುನೆಡಿನ್ ಊರಿನಲ್ಲಿ ಕಟ್ಟಿ, ಬಿಚ್ಚಿ, ರೈಲಿನಲ್ಲಿ ಸಾಗಿಸಿ, ವಾಕಟಿಪು ಸರೋವರದ ದಂಡೆಯಲ್ಲಿ ಮತ್ತೆ ಜೋಡಿಸಿದರು. 1912ರಲ್ಲಿ ನೀರಿಗಿಳಿಯಿತು. ಆಗ ಕುರಿ, ದನ ಸಾಗಿಸುತ್ತಿತ್ತು, ಈಗ ಪ್ರವಾಸಿಗರನ್ನು. ಗಂಟೆಗೆ ಸುಮಾರು ಒಂದು ಟನ್ ಕಲ್ಲಿದ್ದಲು ಬೇಕು, ಅದನ್ನು ಸಲಿಕೆಯಲ್ಲಿ ಕೈಯಿಂದಲೇ ಹಾಕಬೇಕು. ಲೆಕ್ಕ ಹಾಕಿದೆ: ನಿಮಿಷಕ್ಕೆ ಸುಮಾರು 17 ಕಿಲೋ! ಮನೆಯ ಸಿಲಿಂಡರಿನಲ್ಲಿ ಬರುವ ಗ್ಯಾಸೇ 14.2 ಕಿಲೋ.

ಪ್ರಯಾಣಿಕರು ಮೇಲೆ ನಿಂತು ಈ ಕೆಲಸ ನೋಡಬಹುದು. ಹಿಂದೆ ಬ್ರಿಟಿಷ್ ಹಡಗುಗಳಲ್ಲಿ ಇದೇ ಸಲಿಕೆ ಹಿಡಿದವರಲ್ಲಿ ಸಿಲ್ಹೆಟ್ ಮತ್ತು ಪಂಜಾಬಿನ ಮುಸ್ಲಿಮರು ಬಹಳ ಮಂದಿ. ‘ಲಸ್ಕರ್’ ಎಂದು ಕರೆಸಿಕೊಂಡ ಅವರಿಗೆ ಬಿಳಿಯ ನಾವಿಕರಿಗಿಂತ ತೀರಾ ಕಡಿಮೆ ಸಂಬಳ. ಕೆಂಪು ಸಮುದ್ರದ ಸೆಕೆಯಲ್ಲಿ ಬಾಯ್ಲರಿನ ಮುಂದೆ ನಿಲ್ಲುವುದನ್ನು ಊಹಿಸಿಕೊಳ್ಳಿ. ಟಿಕೆಟ್ ಕೊಟ್ಟು ನೋಡುವ ಕೆಲಸವಲ್ಲ ಅದು.

ಹೊಗೆ, ಬೂದಿಯ ಪ್ರಶ್ನೆಯೂ ಇದೆ. 1953ರಿಂದ ಓಡಾಡುತ್ತಿರುವ ಅಮೆರಿಕದ ‘ಬ್ಯಾಜರ್’ ಕಾರುಗಳನ್ನೂ ಹೊತ್ತು, ಮಿಷಿಗನ್ ಸರೋವರವನ್ನು ನಾಲ್ಕು ಗಂಟೆಯಲ್ಲಿ ದಾಟುತ್ತದೆ. ಅದರ ಬೂದಿಯೆಲ್ಲ ಸರೋವರಕ್ಕೇ ಹೋಗುತ್ತಿತ್ತು. ಆಕ್ಷೇಪ ಬಂದ ಮೇಲೆ, 2015ರಿಂದ ಬೂದಿಯನ್ನು ಹಡಗಿನಲ್ಲೇ ಹಿಡಿದಿಟ್ಟು ದಡಕ್ಕೆ ತರುತ್ತಾರೆ. ಹೊಗೆ ಮಾತ್ರ ನಿಂತಿಲ್ಲ. ಸ್ಕಾಟ್ಲೆಂಡಿನ ಕತ್ರೀನ್ ಸರೋವರದ ನೀರನ್ನು ಗ್ಲಾಸ್ಗೋ ನಗರ ಕುಡಿಯುತ್ತದೆ. ಅಲ್ಲಿನ ಹಳೆಯ ‘ಸರ್ ವಾಲ್ಟರ್ ಸ್ಕಾಟ್’ ಹಡಗು ಕಲ್ಲಿದ್ದಲು ಬಿಟ್ಟು ಜೈವಿಕ ಇಂಧನಕ್ಕೆ ಬದಲಾಯಿತು, ಉಗಿ ಎಂಜಿನ್ ಮಾತ್ರ ಹಳೆಯದೇ. ನನಗೆ ಇದೇ ಸರಿ ಅನ್ನಿಸಿತು.

ದಾದಿಗೆ ಇದನ್ನೆಲ್ಲ ಹೇಳಿ, ಕಲ್ಲಿದ್ದಲು ಇಲ್ಲದಿದ್ದರೂ ಅದು ಆಗ್‌ಬೋಟೇನಾ ಎಂದು ಕೇಳಿದೆ. “ಒಳಗೆ ಬೆಂಕಿ ಇದೆಯಲ್ಲ, ಮತ್ತೇನು?” ಎಂದರು.